ಹೊಳೆಯಬಾರದ ಪಟ್ಟಿ

ಪಟ್ಟಿ ಹೊಳೆಯುತ್ತಿತ್ತು. ಅದು ಹೊಳೆಯಬಾರದು.

ಹಲ್ಲಿಯ ಪಾದ ನೋಡಿ ಕಲಿತು ನಾವು ಮಾಡುವ ಪಟ್ಟಿಯಿದು. ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಅಂಟು ಗಿಂಟು ಏನೂ ಇಲ್ಲ. ಗಾಜಿಗೆ ಒತ್ತಿ ಕೆಳಕ್ಕೆ ಎಳೆದರೆ ಕಚ್ಚಿಕೊಳ್ಳುತ್ತದೆ, ಅಂಚಿನಿಂದ ಎತ್ತಿದರೆ ಬಿಟ್ಟುಬಿಡುತ್ತದೆ. ಒಳ್ಳೆಯ ಪಟ್ಟಿ ಯಾವಾಗಲೂ ಮಂಕು. ಹೊಳೆಯಿತೆಂದರೆ ಕೂದಲೆಲ್ಲ ಒಂದಕ್ಕೊಂದು ಮೆತ್ತಿಕೊಂಡಿದೆ ಎಂದರ್ಥ. ಅದನ್ನು ನಂಬಿ ನೇತಾಡಿದವನು ನೆಲಕ್ಕೇ ಬರಬೇಕು.

ಅವತ್ತು ನೇತಾಡಬೇಕಾಗಿದ್ದವನು ನನ್ನ ತಮ್ಮ. ಎತ್ತರದ ಕಟ್ಟಡಗಳ ಕಿಟಕಿ ಒರೆಸುವುದು ಅವನ ಕೆಲಸ. ಖರೀದಿಗೆ ಬರುವವರ ಎದುರು ಕಾರ್ಖಾನೆಯ ಗಾಜಿನ ಗೋಡೆಯನ್ನು ಹಗ್ಗವಿಲ್ಲದೆ ಹತ್ತಿ ತೋರಿಸಬೇಕಿತ್ತು. ಬೆನ್ನು ಬಿದ್ದು ಒಪ್ಪಿಸಿದವಳು ನಾನೇ.

ಪಟ್ಟಿಯನ್ನು ಮೂಸಿದೆ. ಅಂಟಿನ ವಾಸನೆ ಮೂಗಿಗೆ ಬಡಿಯಿತು.

ಅಂಟು ಅಂದರೆ ನಮ್ಮಲ್ಲಿ ಒಬ್ಬರೇ, ಅಂಟಣ್ಣ. ಅರ್ಧ ಆಯುಷ್ಯ ಅಂಟು ಕಾಯಿಸಿದ ಮನುಷ್ಯ. ನನ್ನ ಪಟ್ಟಿ ಬಂದಮೇಲೆ ಕಾರ್ಖಾನೆಯವರು ಅವರ ಕೊಠಡಿಗೆ ಅಡ್ಡಗೋಡೆ ಹಾಕಿ ಅರ್ಧ ಕಿತ್ತುಕೊಂಡಿದ್ದರು. ಅಂದಿನಿಂದ ಅವರಿಗೆ ನನ್ನ ಮೇಜಿನ ಸುತ್ತಲೇ ಓಡಾಟ. ಡಬ್ಬಿಯ ಮುಚ್ಚಳ ಎತ್ತಿ ಇಣುಕುವುದು, ನಾನು ತಿರುಗಿದರೆ ಹಲ್ಲು ಕಿರಿಯುವುದು. ಹಿಂದಿನ ಸಂಜೆ ತಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ಕಿವಿಯಲ್ಲಿ ಏನೋ ಊದುತ್ತಿದ್ದರು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ?

ನೆಟ್ಟಗೆ ಅವರ ಕೊಠಡಿಗೆ ನುಗ್ಗಿದೆ. ತಮ್ಮನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ.

“ಸಿಟ್ಟಿದ್ರೆ ನನ್ನನ್ನ ಬೈಯಿರಿ ಅಂಟಣ್ಣ. ನನ್ನ ತಮ್ಮನ ಜೀವದ ಜೊತೆ ಆಟ ಆಡ್ತೀರಾ?”

ಅಂಟಣ್ಣ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಇದಕ್ಕೇನೋ ನೀನು ಹಚ್ಚಿದ್ದು?” ಎಂದು ತಮ್ಮನ ಕಡೆ ತಿರುಗಿದರು. “ಚಪ್ಪಲಿ ಕಿತ್ತೋಗಿದೆ ಅಂತ ತಾನೇ ನೀನು ಅಂಟು ಕೇಳಿದ್ದು!”

ತಮ್ಮ ಲೋಟ ಕೆಳಗಿಟ್ಟ. “ಬೈಬೇಡ ಅಕ್ಕಾ. ಬರೀ ಕೂದಲು ನಂಬ್ಕೊಂಡು ಹೇಗೆ ಹತ್ತಲಿ? ಸ್ವಲ್ಪ ಅಂಟಿದ್ರೆ ಧೈರ್ಯ ಅಂತ ಸವರಿದೆ.”

“ನಾನು ಮಾಡಿದ್ದು ಕಣೋ ಅದು!”

“ಅದಕ್ಕೇ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ನನಗೆ ಅಳು ಬಂತು. ಅಂಟಣ್ಣನ ಮುಖ ನೋಡಲು ನಾಚಿಕೆಯಾಯಿತು. ಹೊರಗಿನವರ ಮೇಲೆ ಕಣ್ಣಿಟ್ಟು ಕೂತಿದ್ದೆ, ನನ್ನ ಒಡಹುಟ್ಟಿದವನು ಹೆದರಿದ್ದು ಮಾತ್ರ ನನಗೆ ಕಂಡಿರಲಿಲ್ಲ.

ಖರೀದಿಯವರ ಕಾರು ಬಂದು ನಿಂತಿತು. ಹೊಸ ಪಟ್ಟಿಗಳನ್ನು ತೆಗೆದು ನನ್ನ ಕೈಕಾಲಿಗೇ ಕಟ್ಟಿಕೊಂಡೆ. ತಮ್ಮ ಅಡ್ಡ ಬಂದ, ತಳ್ಳಿ ನಡೆದೆ. ಗಾಜಿಗೆ ಅಂಗೈ ಒತ್ತಿದೆ, ಎಳೆದೆ, ಹತ್ತಿದೆ. ಪಟ್ಟಿ ಹಿಡಿಯಿತು. ಮೊದಲ ಮಹಡಿ ದಾಟುವಾಗ ಕೆಳಗೆ ಏನನ್ನೋ ದರದರ ಎಳೆಯುವ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಪ್ಯಾಕಿಂಗ್ ಕೊಠಡಿಯ ದಪ್ಪ ಫೋಮ್ ಹಾಳೆಯ ಒಂದು ತುದಿ ಅಂಟಣ್ಣನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ.

“ನಂಬಿದೆ ಅಕ್ಕಾ, ನಂಬಿದೆ!” ಎಂದು ಅವನು ಕೂಗಿದ. ಕೂಗುತ್ತಲೇ ಹಾಳೆಯನ್ನು ಸರಿಯಾಗಿ ನನ್ನ ಕೆಳಗೆ ಬರುವಂತೆ ಎಳೆದುಕೊಂಡ.