ಮೊಸಳೆಗೆ ಅನ್ನ ಹಾಕುವ ಸರದಿ

ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುವವರು ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಾರೂ ಇರಲಿಲ್ಲ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿ ನೋಡಿ. ಗುಲಾಮನೇ ಎಲ್ಲಕ್ಕಿಂತ ದೊಡ್ಡವನಾದ ಇಪ್ಪತ್ತೆಂಟು ಎಂಬ ಆಟಕ್ಕೆ ಕುಳಿತರೆ ಎದುರಿನವನ ಕೈಯಲ್ಲಿ ಗುಲಾಮ ಇದೆಯೋ ಇಲ್ಲವೋ ಎಂಬುದು ಅವನು ಎಲೆ ಜೋಡಿಸಿಕೊಳ್ಳುವ ರೀತಿಯಲ್ಲೇ ನನಗೆ ತಿಳಿಯುತ್ತದೆ. ಅಂಥ ನನಗೆ, ಹದಿನೆಂಟು ವರ್ಷಗಳಿಂದ ಪ್ರೆಸ್ಸಿನಲ್ಲಿ ಪ್ರಿಂಟಿಂಗ್ ಮೆಷಿನ್ ನಡೆಸುತ್ತಿರುವ ಈ ವಿಷ್ಣುಪ್ರಸಾದ ಭಟ್ಟನಿಗೆ, ಕಾಗದ ಎಣಿಸಿ ಕಟ್ಟು ಕಟ್ಟುವ ಅಮ್ಮಣಿಯಕ್ಕ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಣ್ಣು ಮುಕ್ಕಿಸಿದರು. ಅದೂ ಹುಲ್ಲು, ಮಿಡತೆ, ಕಪ್ಪೆ ಹಿಡಿದುಕೊಂಡು.

ಆ ಎಲೆಗಳನ್ನು ಮಾಡಿದವನು ಪ್ರವೀತ್. ನಮ್ಮ ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ಅವನದು. ಮಾತು ಕಡಿಮೆ, ಕೆಲಸ ಚೊಕ್ಕ. ಮದುವೆ ಕಾಗದ ಕತ್ತರಿಸಿ ಉಳಿದ ದಪ್ಪ ಪಟ್ಟಿಗಳನ್ನು ಅವನು ಮನೆಗೆ ಕೊಂಡುಹೋಗುವುದನ್ನು ಮೂರು ವರ್ಷಗಳಿಂದ ನೋಡುತ್ತಿದ್ದೆ. ಒಲೆ ಹಚ್ಚಲು ಇರಬಹುದು ಎಂದುಕೊಂಡಿದ್ದೆ. ಅವನು ಅವುಗಳ ಮೇಲೆ ಗದ್ದೆಯ ಏಡಿ, ಮಿಂಚುಳ್ಳಿ, ಕೇರೆ ಹಾವು, ಗರುಡ, ಇಲಿ, ಭತ್ತದ ತೆನೆ ಎಲ್ಲ ಬಿಡಿಸಿ, ನಲವತ್ತೆಂಟು ಎಲೆಗಳ ಆಟವೊಂದನ್ನು ಕಟ್ಟಿದ್ದ. ಕೊಕ್ಕರೆಯ ಕಾಲಿನ ಮಂಡಿ ಕೂಡ ಇರಬೇಕಾದಲ್ಲೇ ಇತ್ತು. ಇಷ್ಟೊಂದು ಕಲೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಸುಮ್ಮನೆ ಬ್ಲೇಡು ಇಳಿಸುತ್ತಿದ್ದನಲ್ಲ ಎಂದು ನನಗೆ ಮೊದಲು ಬಂದದ್ದು ಸಿಟ್ಟು. ಮೆಚ್ಚುಗೆ ಆಮೇಲೆ.

ಆಟ ಹೀಗೆ. ನಾಲ್ಕು ಜನ ಕೂರಬೇಕು. ಪ್ರತಿಯೊಬ್ಬರ ಮುಂದೆ ಅವರವರ ಗದ್ದೆ, ನಡುವೆ ಎಲ್ಲರಿಗೂ ಸೇರಿದ ಒಂದು ಕೆರೆ. ಎಲೆಯಲ್ಲಿ ಒಂದು ಜೀವಿ, ಅದರ ಕೆಳಗೆ ಅದು ಏನೇನು ತಿನ್ನುತ್ತದೆ ಎಂಬುದಕ್ಕೆ ಪುಟ್ಟ ಪುಟ್ಟ ಚಿತ್ರಗಳು. ಹುಲ್ಲನ್ನೂ ಭತ್ತವನ್ನೂ ಸುಮ್ಮನೆ ಇಳಿಸಬಹುದು. ಉಳಿದವನ್ನು ಇಳಿಸಬೇಕಾದರೆ ಅವುಗಳ ಆಹಾರ ಅದೇ ಗದ್ದೆಯಲ್ಲೋ ಕೆರೆಯಲ್ಲೋ ಮೊದಲೇ ಇಳಿದಿರಬೇಕು. ಸುತ್ತಿನ ಕೊನೆಗೆ ಯಾವುದಕ್ಕೆ ತಿನ್ನಲು ಏನೂ ಉಳಿದಿಲ್ಲವೋ ಅದು ಸತ್ತಂತೆ, ಆ ಎಲೆಯನ್ನು ಮಗುಚಿ ಇಡಬೇಕು. ಎಲೆಯ ಕಟ್ಟು ಮುಗಿದಾಗ ಯಾರ ಗದ್ದೆಯಲ್ಲಿ ಹೆಚ್ಚು ಜೀವ ಉಳಿದಿದೆಯೋ ಅವರು ಗೆದ್ದರು.

ನಾನು ಇಪ್ಪತ್ತೆಂಟು ಆಡುವವನು. ಗುಲಾಮ ಬಂದರೆ ಎದೆಗೆ ಒತ್ತಿ ಹಿಡಿಯುವ ಅಭ್ಯಾಸ. ಗರುಡ, ಹಾವು, ಕೊಕ್ಕರೆ ಎಲ್ಲ ನನ್ನ ಕೈಗೇ ಬಂದಾಗ ಒಳಗೊಳಗೇ ಕುಣಿದೆ. ಹುಲ್ಲು ಮಿಡತೆಗಳನ್ನು ಕಸವೆಂದು ಬಿಟ್ಟುಕೊಟ್ಟೆ. ಕೊನೆಗೆ ನೋಡಿದರೆ ಗರುಡನನ್ನು ಇಳಿಸಲು ಗದ್ದೆಯಲ್ಲಿ ಹಾವಿಲ್ಲ, ಹಾವನ್ನು ಇಳಿಸಲು ಕಪ್ಪೆಯಿಲ್ಲ. ಕೈತುಂಬ ರಾಜರನ್ನು ಹಿಡಿದುಕೊಂಡು ಖಾಲಿ ಗದ್ದೆಯ ಮುಂದೆ ಕುಳಿತೆ. ಎದುರಿಗೆ ಅಮ್ಮಣಿಯಕ್ಕನ ಗದ್ದೆ ಗಿಜಿಗುಡುತ್ತಿತ್ತು.

"ಹುಲ್ಲು ಇಲ್ಲದೆ ಎಂತ ಉಂಟು ಭಟ್ರೇ?" ಎಂದರು ಅವರು, ಊಟದ ಬುತ್ತಿ ಮುಚ್ಚುತ್ತಾ.

ಈ ಆಟವನ್ನು ಶಾಲೆಗಳಿಗೆ ಮುಟ್ಟಿಸಬೇಕೆಂಬುದು ಪ್ರವೀತನ ಆಸೆ. ಪುಸ್ತಕದ ಆಹಾರ ಸರಪಳಿಯನ್ನು ಬಾಯಿಪಾಠ ಹೇಳಲು ಬಾರದೆ, ಗದ್ದೆಯ ಪ್ರತಿ ಹುಳುವಿನ ಹೆಸರು ಗೊತ್ತಿದ್ದೂ, ಪ್ಲಸ್ ಟೂವಿನಲ್ಲಿ ಓದು ಬಿಟ್ಟವನು ಅವನು. ತನ್ನಂಥ ಮಕ್ಕಳು ಇನ್ನೂ ಇರುತ್ತಾರೆ, ಅವರಿಗೆ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ ಎಂದು ಅವನ ನಂಬಿಕೆ. ಎರಡು ಶಾಲೆಗಳಿಗೆ ಹೋಗಿದ್ದ. "ಶಾಲೆಯಲ್ಲಿ ಇಸ್ಪೀಟಾ?" ಎಂದು ಎರಡೂ ಕಡೆ ಬಾಗಿಲಿನಿಂದಲೇ ಕಳಿಸಿದ್ದರು. ಮೂರನೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಜಲಜಾಕ್ಷಿ ಟೀಚರ್ ಮಾತ್ರ ಎಲೆಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಶುಕ್ರವಾರ ಏಳನೆಯ ತರಗತಿಯ ಒಂದು ಪಿರಿಯಡ್ ಕೊಡುತ್ತೇನೆ ಎಂದಿದ್ದರು. ಆದರೆ ಒಂದು ಕರಾರು. ಆಟದ ಕ್ರಮ ಹೇಳಿಕೊಟ್ಟ ಮೇಲೆ ಪ್ರವೀತ್ ಬಾಯಿ ತೆರೆಯಬಾರದು. ಮಕ್ಕಳು ತಾವಾಗಿ ಆಡಿ, ಆಹಾರ ಜಾಲವೆಂದರೆ ಏನೆಂದು ಅವರ ಬಾಯಿಂದಲೇ ಬಂದರೆ ಅದನ್ನು ಕ್ಲಸ್ಟರ್ ಮೀಟಿಂಗಿಗೆ ಕೊಂಡುಹೋಗಿ ಕನ್ನಡ ಶಾಲೆಗಳ ಎಲ್ಲ ಟೀಚರುಗಳ ಮುಂದೆ ಇಡುತ್ತಾರೆ. ಬರದಿದ್ದರೆ ಅಲ್ಲಿಗೆ ಮುಗಿಯಿತು.

"ಇದೂ ಆಗದಿದ್ರೆ ಎಲ್ಲ ಕಟ್ಟನ್ನೂ ಕಟಿಂಗಿಗೆ ಹಾಕಿಬಿಡ್ತೇನೆ ವಿಷ್ಣಣ್ಣ. ಇನ್ನೊಂದು ಮೆಟ್ಟಿಲು ಹತ್ತಲಿಕ್ಕೆ ನನ್ನಿಂದ ಆಗುದಿಲ್ಲ," ಎಂದ ಪ್ರವೀತ್. ಹೇಳಿದ್ದನ್ನು ಮಾಡುವ ಜಾತಿ ಅವನು.

ಅದಕ್ಕೇ ಆ ವಾರ ದಿನಾ ನಮ್ಮ ಮೇಲೆ ಪ್ರಯೋಗ. ಸೋಮವಾರ ಬೈಂಡಿಂಗಿನ ಮಂಜನ ಕೈಗೆ ಮೊಸಳೆ ಬಂತು. ಕೆರೆಯಲ್ಲಿ ಇಳಿಸಿದ. ಮೊಸಳೆಯದು ದೊಡ್ಡ ಹೊಟ್ಟೆ. ಉಳಿದವಕ್ಕೆ ಆಹಾರ ಎದುರಿಗಿದ್ದರೆ ಸಾಕು, ಇದು ಮಾತ್ರ ಸುತ್ತಿಗೊಂದು ಮೀನಿನ ಎಲೆಯನ್ನು ಆಟದಿಂದಲೇ ಹೊರಗೆ ಹಾಕುತ್ತದೆ. ಪ್ರವೀತ್ ಮೀನನ್ನು ತೆಗೆಯಲು ಕೈ ಚಾಚಿದ. ಅಮ್ಮಣಿಯಕ್ಕ ಮೀನಿನ ಮೇಲೆ ಅಂಗೈ ಇಟ್ಟರು.

"ನಮ್ಮ ಮೊಸಳೆ ಮೀನು ತಿನ್ನುದಿಲ್ಲ."

"ಇದು ದೇವಸ್ಥಾನದ ಮೊಸಳೆ ಅಲ್ಲ ಅಮ್ಮಣಿಯಕ್ಕ. ಬರೀ ಚಿತ್ರ."

"ಚಿತ್ರ ಆದ್ರೆ ಎಂತ? ಗೋಡೆಯಲ್ಲಿ ದೇವರ ಚಿತ್ರ ಹಾಕಿ ಅದಕ್ಕೆ ಮೀನು ಬಡಿಸ್ತೀಯಾ ನೀನು?"

"ಹಾಗಾದ್ರೆ ಅದಕ್ಕೆ ಊಟ ಇಲ್ಲ. ಮಗುಚಬೇಕು."

ಮಗುಚಬೇಕಾದವನು ಮಂಜ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಮೊಸಳೆ ಸತ್ತಿತು ಅಂತ ನನ್ನ ಕೈಯಿಂದ ಮಾಡಿಸುದು ಬೇಡ. ನಾನು ಮುಟ್ಟುದಿಲ್ಲ."

ಆಟ ಅಲ್ಲೇ ನಿಂತಿತು. ಮಂಗಳವಾರ ಪಕ್ಕದ ಗೋಡಂಬಿ ಶೆಡ್ಡಿನವರನ್ನು ಕೂರಿಸಿದರೆ ಅಲ್ಲೂ ಅದೇ ಕತೆ. ಬೇರೆ ಊರಿನಲ್ಲಾದರೆ ಮೊಸಳೆ ಮೊಸಳೆಯೇ. ಇಲ್ಲಿ ಹುಟ್ಟಿದವರು ಕೆರೆಯ ದೇವಸ್ಥಾನದ ಮೊಸಳೆ ನೈವೇದ್ಯದ ಅನ್ನ ತಿನ್ನುತ್ತದೆ ಎಂದು ಕೇಳುತ್ತಲೇ ಬೆಳೆದವರು. ಮೀನು ತಿನ್ನಿಸಲಿಕ್ಕೂ ಮನಸ್ಸಿಲ್ಲ, ಉಪವಾಸ ಕೆಡವಲಿಕ್ಕೂ ಮನಸ್ಸಿಲ್ಲ. ನಿಜ ಹೇಳಬೇಕೆಂದರೆ ಮಂಗಳವಾರ ಅವರೊಡನೆ ಆಡುತ್ತಾ ಮೊಸಳೆ ಇಳಿಸಿದವನು ನಾನೇ, ನನ್ನ ಕೈಯೂ ಮುಂದೆ ಹೋಗಲಿಲ್ಲ.

"ಮೊಸಳೆಯನ್ನು ತೆಗೆದು ಬಿಸಾಡು ಮಾರಾಯ," ಎಂದೆ. "ಅದರ ಜಾಗಕ್ಕೆ ನೀರುನಾಯಿ ಹಾಕು. ಶುಕ್ರವಾರ ಬರುವ ಮಕ್ಕಳೂ ಇದೇ ಊರಿನವರು. ಅವರೂ ಹೀಗೇ ಕೈಕಟ್ಟಿ ಕೂತರೆ ಟೀಚರ್ ಎಂತ ಹೇಳಿಯಾರು?"

"ನೆಗಡಿ ಬಂತು ಅಂತ ಮೂಗು ಕೊಯ್ಯುದಾ ವಿಷ್ಣಣ್ಣ?" ಎಂದ. "ಇಲ್ಲಿಯ ಕೆರೆ ಅಂತ ಮಾಡಿ ಮೊಸಳೆ ಇಲ್ಲದಿದ್ರೆ ಅದು ಇಲ್ಲಿಯದ್ದು ಹೇಗೆ ಆಗ್ತದೆ?"

"ಹಾಗಾದರೆ ಕೂತು ಅಳು," ಎಂದು ರೇಗಿ ಎದ್ದುಹೋದೆ. ಮೊಂಡರನ್ನು ಕಂಡರೆ ನನಗಾಗುವುದಿಲ್ಲ, ನಾನೇ ಒಬ್ಬ ಸಾಕು.

ಬುಧವಾರ ಅವನು ಯಾರನ್ನೂ ಆಟಕ್ಕೆ ಕರೆಯಲಿಲ್ಲ. ಅಮ್ಮಣಿಯಕ್ಕನ ಪಕ್ಕದಲ್ಲಿ ಊಟಕ್ಕೆ ಕುಳಿತ. ನಾನು ಮುಖ ತಿರುಗಿಸಿ ಕುಳಿತಿದ್ದರೂ ಕಿವಿ ಅತ್ತಲೇ ಇತ್ತು.

"ಅಮ್ಮಣಿಯಕ್ಕ, ಮೊಸಳೆಗೆ ಅನ್ನ ಯಾರು ಹಾಕುದು?"

"ಪೂಜೆಯ ಭಟ್ರು."

"ಅವರಿಗೆ ಅಕ್ಕಿ ಎಲ್ಲಿಂದ?"

"ಹರಕೆಯವರು ಕೊಡ್ತಾರೆ. ನಾನೂ ಕೊಟ್ಟಿದ್ದೇನೆ ಒಂದು ಸೇರು."

"ನಿಮಗೆ ಎಲ್ಲಿಂದ?"

"ಗದ್ದೆಯಿಂದ ಮತ್ತೆ. ಆಕಾಶದಿಂದ ಉದುರ್ತದಾ?"

ಪ್ರವೀತ್ ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಹಾಕಿ ಎದ್ದ. ಆಮೇಲೆ ಕೈ ತೊಳೆದುಕೊಂಡು ಬಂದು, ಆಟದ ಕಟ್ಟು ಬಿಚ್ಚಿ ಮೊಸಳೆಯ ಎಲೆಯನ್ನು ಎತ್ತಿ, ಮೀನಿನ ಪುಟ್ಟ ಚಿತ್ರದ ಪಕ್ಕದಲ್ಲಿ ಒಂದು ಭತ್ತದ ತೆನೆ ಬರೆದ.

ಹೊಸ ಕ್ರಮ ಇಷ್ಟೇ. ಮೊಸಳೆಗೆ ಊಟ ಹಾಕುವುದು ಸರದಿಯ ಪ್ರಕಾರ ಒಬ್ಬೊಬ್ಬರು. ಮೀನು ಕೊಡುವುದಾದರೆ ಕೆರೆಯಿಂದ ತೆಗೆ. ಮೀನು ಬೇಡವೆಂದರೆ ನಿನ್ನ ಗದ್ದೆಯ ಭತ್ತ ತೆಗೆ. ನಂಬಿಕೆ ಯಾರದ್ದೂ ಮುರಿಯಲಿಲ್ಲ, ಆಟವೂ ನಿಲ್ಲಲಿಲ್ಲ. ಆದರೆ ಅನ್ನ ಎಲ್ಲಿಂದ ಬಂತು ಎಂಬುದು ಮೇಜಿನ ಮೇಲೆ ಬಂದು ಕುಳಿತಿತು. ನಾನು ಮೊಸಳೆಯನ್ನೇ ಓಡಿಸಲು ನೋಡಿದ್ದೆ. ಇವನು ಜಗಳವನ್ನೇ ಆಟದೊಳಗೆ ಕೂರಿಸಿಬಿಟ್ಟ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಇವನಿಗೆ ಅದೇ ಮದ್ದಾಯಿತು. ಆ ದಿನ ನಾನು ಅವನನ್ನು ಬಾಯಿಬಿಟ್ಟು ಹೊಗಳಿದೆ. ಹದಿನೆಂಟು ವರ್ಷಗಳಲ್ಲಿ ನಾನು ಯಾರನ್ನಾದರೂ ಹೊಗಳಿದ್ದು ಅದೇ ಮೊದಲೆಂದು ಮಂಜ ಈಗಲೂ ಹೇಳುತ್ತಿರುತ್ತಾನೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ಇಪ್ಪತ್ತು ಮಕ್ಕಳು, ಐದು ಗುಂಪು, ಐದು ಕಟ್ಟು. ಪ್ರವೀತ್ ಕ್ರಮ ಹೇಳಿಕೊಟ್ಟು ಗೋಡೆಗೆ ಒರಗಿ ನಿಂತ. ಬಾಯಿ ಮುಚ್ಚಿತ್ತು, ಬೆರಳುಗಳು ಮಾತ್ರ ಅಂಗಿಯ ತುದಿಯನ್ನು ಸುತ್ತುತ್ತಿದ್ದವು. ಜಲಜಾಕ್ಷಿ ಟೀಚರ್ ಹಿಂದಿನ ಬೆಂಚಿನ ಬಳಿ ಕೈಕಟ್ಟಿ ನಿಂತಿದ್ದರು. ಅವರ ಮುಖ ನೋಡಿದರೆ ಹೋಳಿಗೆ ತಿನ್ನುವಾಗಲೂ ನಗುವವರಲ್ಲ ಅನ್ನಿಸಿತು.

ಮೊದಲ ಹತ್ತು ನಿಮಿಷ ಬರೀ ಗಲಾಟೆ. ನನ್ನ ಹಾಗೆಯೇ ಗರುಡ ಹಿಡಿದು ಕುಣಿದವರು ನಾಲ್ಕೈದು ಜನ. ಸ್ವಲ್ಪ ಹೊತ್ತಿನಲ್ಲೇ ಹುಲ್ಲಿಗೆ ಬೆಲೆ ಬಂತು. ಮೊಸಳೆ ಇಳಿಯಿತು. ನಾನು ಅಂದುಕೊಂಡ ಹಾಗೆ ಐದರಲ್ಲಿ ನಾಲ್ಕು ಗುಂಪು ಮೀನು ಮುಟ್ಟಲಿಲ್ಲ. ಸರದಿ ಬಂದವರು ಮುಖ ಸಣ್ಣದು ಮಾಡಿಕೊಂಡು ಭತ್ತ ಕೊಟ್ಟರು. ಪಿರಿಯಡ್ ಮುಗಿಯಲು ಐದು ನಿಮಿಷ ಇದ್ದಾಗ ಟೀಚರ್ ಇನ್ನೂ ಹಾಗೇ ನಿಂತಿದ್ದರು. ಮಕ್ಕಳು ಆಡುತ್ತಿದ್ದರು, ನಿಜ. ಆದರೆ ಜಾಲದ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಪ್ರವೀತನ ಹಣೆಯಲ್ಲಿ ಬೆವರು ಕಾಣುತ್ತಿತ್ತು.

ಕಿಟಕಿಯ ಪಕ್ಕದ ಗುಂಪಿನಲ್ಲಿ ಗಂಗಾ ಎಂಬ ಹುಡುಗಿಯೂ ಅವಿನಾಶ ಎಂಬ ಹುಡುಗನೂ ಜಿದ್ದಿಗೆ ಬಿದ್ದಿದ್ದರು. ಕೊನೆಯ ಸುತ್ತು. ಅವಿನಾಶನ ಗದ್ದೆಯಲ್ಲಿ ಆರು ಜೀವ. ಗಂಗಾಳದ್ದರಲ್ಲಿ ಒಂಬತ್ತು. ಹುಲ್ಲು ಎರಡು, ಮಿಡತೆ ಎರಡು, ಕಪ್ಪೆ, ಭತ್ತ, ಇಲಿ, ಹಾವು, ಗರುಡ. ಮೊಸಳೆಗೆ ಊಟ ಹಾಕುವ ಸರದಿ ಅವಳದು. ಕೆರೆಯಲ್ಲಿ ಒಂದೇ ಮೀನು, ಅವಳಲ್ಲಿ ಒಂದೇ ಭತ್ತ.

ಅವಳು ಮೀನನ್ನು ನೋಡಿದಳು, ಭತ್ತವನ್ನು ನೋಡಿದಳು. ಭತ್ತವನ್ನು ಎತ್ತಿ ಮೊಸಳೆಯ ಪಕ್ಕದಲ್ಲಿ ಇಟ್ಟಳು.

ಇನ್ನು ಸತ್ತವರ ಲೆಕ್ಕ. ಭತ್ತ ಹೋಯಿತು, ಭತ್ತ ತಿನ್ನುವ ಇಲಿಯನ್ನು ಮಗುಚಿದಳು. ಇಲಿ ತಿನ್ನುವ ಹಾವಿನ ಮೇಲೆ ಕೈ ಇಟ್ಟಳು. ಹಾವು ಹೋದರೆ ಗರುಡನೂ ಹೋಗುತ್ತದೆ, ಆಮೇಲೆ ಉಳಿಯುವುದು ಐದು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಕೂಗಿಬಿಡೋಣ ಅನ್ನಿಸಿತು. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಪ್ರವೀತ್ ಕಣ್ಣು ಮುಚ್ಚಿಕೊಂಡಿದ್ದ.

"ಏ, ನಿಲ್ಲು," ಎಂದ ಅವಿನಾಶ. ಗೆಲ್ಲಲು ಅವನು ಸುಮ್ಮನಿದ್ದರೆ ಸಾಕಿತ್ತು. "ಹಾವನ್ನು ಯಾಕೆ ಮಗುಚುದು?"

"ಇಲಿ ಸತ್ತಿತಲ್ಲ."

"ಇಲಿ ಸತ್ರೆ ಎಂತ? ನಿನ್ನಲ್ಲಿ ಕಪ್ಪೆ ಉಂಟಲ್ಲ. ಹಾವು ಕಪ್ಪೆ ತಿಂತದೆ. ಕಪ್ಪೆಗೆ ಮಿಡತೆ ಉಂಟು, ಮಿಡತೆಗೆ ಹುಲ್ಲು ಉಂಟು. ಒಂದು ದಾರಿ ಹೋದ್ರೆ ಇನ್ನೊಂದು ದಾರಿ ಉಂಟು. ನಿನ್ನ ಹಾವು ಸಾಯುದಿಲ್ಲ ಮಾರಾಯ್ತಿ."

ಗಂಗಾ ಎಲೆಯ ಕೆಳಗಿನ ಚಿತ್ರಗಳನ್ನು ನೋಡಿದಳು. ಹಾವಿನ ಮೇಲಿಂದ ಕೈ ತೆಗೆದಳು. ಉಳಿದದ್ದನ್ನು ಅವಿನಾಶನೇ ಬೆರಳಿಟ್ಟು ಎಣಿಸಿದ. ಅವಳಿಗೆ ಏಳು, ತನಗೆ ಆರು. ಎಣಿಸಿ ಮುಗಿದ ಮೇಲೆ, ತಾನು ಸೋತದ್ದು ಆಗಷ್ಟೇ ತಿಳಿದವನಂತೆ ಅವನ ಮುಖ ಪೆಚ್ಚಾಯಿತು. ಆದರೂ ಎಲೆಗಳನ್ನು ಅವನು ಕದಲಿಸಲಿಲ್ಲ.

ನಲವತ್ತು ವರ್ಷ ಇಸ್ಪೀಟು ಆಡಿದ್ದೇನೆ. ಸೋಲಿನ ಎಲೆಯನ್ನು ತಾನಾಗಿ ತೋರಿಸಿಕೊಟ್ಟವನನ್ನು ಒಬ್ಬನನ್ನೂ ಕಂಡಿರಲಿಲ್ಲ. ನಾನಂತೂ ಖಂಡಿತ ಸುಮ್ಮನಿರುತ್ತಿದ್ದೆ.

ಜಲಜಾಕ್ಷಿ ಟೀಚರ್ ಕಟ್ಟಿದ ಕೈ ಬಿಡಿಸಿ ಕಿಟಕಿಯ ಬಳಿಗೆ ಬಂದರು. ಅವಿನಾಶನ ತಲೆಯ ಮೇಲೆ ಒಂದು ಕ್ಷಣ ಅಂಗೈ ಇಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿದರು.

"ಪ್ರವೀತ್, ಇನ್ನು ನೀವು ಮಾತಾಡಬಹುದು," ಎಂದರು. "ಮಂಗಳವಾರದ ಕ್ಲಸ್ಟರ್ ಮೀಟಿಂಗಿಗೆ ನಲವತ್ತು ಕಟ್ಟು ಆಗ್ತದಾ?"

ಪ್ರವೀತ್ ಗೋಡೆಯಿಂದ ಬೆನ್ನು ಬಿಡಿಸಿ ನನ್ನ ಕಡೆ ತಿರುಗಿದ. "ಆಗ್ತದೆ ಟೀಚರ್. ಅಚ್ಚು ಹಾಕುದು ನಾನು, ಕತ್ತರಿಸುದು ಇವನು," ಎಂದು ಉತ್ತರವನ್ನು ನಾನೇ ಕೊಟ್ಟೆ.