ಈ ಸಲ ತೊಳೀಬೇಡಿ

"ಎತ್ತೇ ನಿನ್ನ ಕಸಾನ! ಇದು ಅಂಗಡಿ, ನಿಮ್ಮಪ್ಪನ ತಿಪ್ಪೆ ಅಲ್ಲ!"

ಮ್ಯಾನೇಜರ್ ರೊಹೇಲಿಯೊ ಹೀಗೆ ಕೂಗಿದವನೇ ತೊಮಾಸಾಳ ಚೀಲವನ್ನು ಒದ್ದು ಉರುಳಿಸಿದ. ಬಿಯರಿನವು, ಸೋಡಾದವು, ಅಲ್ಯೂಮಿನಿಯಂ ಡಬ್ಬಿಗಳೆಲ್ಲ ಅಂಗಡಿ ಬಾಗಿಲ ತುಂಬ ಹರಡಿಕೊಂಡವು. ಅಷ್ಟಕ್ಕೇ ಬಿಡಲಿಲ್ಲ ಮಹಾರಾಯ. ಪಾಲಿಶ್ ಹೊಡೆದ ಬೂಟುಗಾಲಿನಲ್ಲಿ ಒಂದೊಂದನ್ನೇ ಮೆಟ್ಟಿ ಅಪ್ಪಚ್ಚಿ ಮಾಡತೊಡಗಿದ.

ಎಲ್ಲಿ ಮೆಟ್ಟಿದರೆ ನೋಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿ ಅಪ್ಪಚ್ಚಿಯಾದರೆ ಅದರ ಮೈಮೇಲಿನ ಬಾರ್‌ಕೋಡ್ ಗೆರೆಗಳನ್ನು ಬಾಗಿಲ ಬಳಿಯ, ಖಾಲಿ ಡಬ್ಬಿ ನುಂಗಿ ಕಾಸು ಕೊಡುವ ಮಿಷನ್ನು ಓದುವುದಿಲ್ಲ, ಓದದಿದ್ದರೆ ಡಬ್ಬಿಗೆ ಐದು ಸೆಂಟೂ ಇಲ್ಲ. ಬೆಳಕು ಹರಿದಾಗಿನಿಂದ ಬ್ರೂಕ್ಲಿನ್ನಿನ ಹದಿನಾಲ್ಕು ಬೀದಿ ಸುತ್ತಿ, ಮನೆಮನೆ ಮುಂದಿನ ಕಸದ ಚೀಲಗಳ ಗಂಟು ಬಿಚ್ಚಿ, ಆರಿಸಿ, ಮತ್ತೆ ಮೊದಲಿದ್ದಂತೆಯೇ ಗಂಟು ಹಾಕಿ ಬಂದಿದ್ದಳು ತೊಮಾಸಾ. ಮನೆಗೆ ಒಯ್ದು ಎಲ್ಲವನ್ನೂ ತೊಳೆದಿದ್ದಳು ಬೇರೆ.

"ನಿನ್ನ ಕಾಲು ಸೇದಿಹೋಗ, ಮುಂಡೇಮಗನೆ! ಮೊನ್ನೆ ಚರ್ಚಲ್ಲಿ ನನ್ನ ಪಕ್ಕದಲ್ಲೇ ಮೊಣಕಾಲೂರಿದ್ಯಲ್ಲೋ ರೊಹೇಲಿಯೊ!"

"ಇಲ್ಲಿ ನಾನು ರೋಜರ್," ಎಂದು ಅವನು ಎದೆಯ ಮೇಲಿನ ಹೆಸರಿನ ಪಟ್ಟಿ ತಟ್ಟಿ ತೋರಿಸಿದ. "ಮಿಷನ್ ಕೆಟ್ಟಿದೆ. ಬೋರ್ಡು ಕಾಣಲ್ವಾ? ಕಣ್ಣೂ ಹೋಯ್ತಾ ಮುದುಕಿ?"

ಬೋರ್ಡು ಮೂರು ವಾರದಿಂದ ಅಲ್ಲೇ ನೇತಾಡುತ್ತಿತ್ತು. ಅದರ ಹಿಂದೆ ಮಿಷನ್ನಿನ ಹಸಿರು ದೀಪವೂ ಮೂರು ವಾರದಿಂದ ಉರಿಯುತ್ತಲೇ ಇತ್ತು. ತೊಮಾಸಾ ಬಗ್ಗಿ ಚಪ್ಪಟೆ ಡಬ್ಬಿಗಳನ್ನು ಆಯುತ್ತಿರುವಾಗಲೇ ನಾಯಿ ಹಿಡಿದುಕೊಂಡ ಹೆಂಗಸೊಬ್ಬಳು ಆರು ಡಬ್ಬಿ ತಂದಳು. ರೊಹೇಲಿಯೊ ಹಲ್ಲು ಕಿರಿಯುತ್ತ ಬೋರ್ಡು ಎತ್ತಿದ. ಮಿಷನ್ನು ಆರನ್ನೂ ಗುಳುಂ ಮಾಡಿತು. ಬೋರ್ಡು ಮತ್ತೆ ಇಳಿಯಿತು.

ತೊಮಾಸಾಳಿಗೆ ಹೊಟ್ಟೆ ಉರಿದುಹೋಯಿತು. ಹಿಂದೆಯೇ ಭಯವೂ ಆಯಿತು. ಇದು ಬಿಟ್ಟರೆ ಡಬ್ಬಿ ಕೊಳ್ಳುವ ಜಾಗ ಇರುವುದು ಸೇತುವೆಯಾಚೆ. ಅವಳ ಎಡ ಮೊಣಕಾಲು ಗಾಡಿ ತಳ್ಳಿಕೊಂಡು ಸೇತುವೆ ಹತ್ತುವ ಸ್ಥಿತಿಯಲ್ಲಿ ಇರಲಿಲ್ಲ. ವ್ಯಾನಿನವನೊಬ್ಬ ಬೀದಿಗೇ ಬರುತ್ತಾನೆ, ಆದರೆ ಅರ್ಧ ರೇಟು. ಅರವತ್ತಮೂರಾಗಿದೆ, ಈ ದೇಶದ ಕಾಗದಪತ್ರ ಒಂದೂ ಇಲ್ಲ, ಇನ್ಯಾರು ಕೆಲಸ ಕೊಡುತ್ತಾರೆ? ಈ ಮಿಷನ್ನು ತಪ್ಪಿದರೆ ತಲೆಯ ಮೇಲಿನ ಸೂರೂ ತಪ್ಪಿದಂತೆಯೇ.

ಮರುದಿನ ಬಟ್ಟೆ ಒಗೆಯುವ ಅಂಗಡಿಯ ಮೆಟ್ಟಿಲ ಮೇಲೆ ಡಬ್ಬಿ ಆಯುವವರ ಪಂಚಾಯ್ತಿ ಸೇರಿತು. ಬಸ್ ಓಡಿಸಿ ನಿವೃತ್ತನಾದ ಕ್ಲೀವನ್ ಸುದ್ದಿ ತಂದಿದ್ದ. ಸೋಪಿನ ಪುಡಿ ಕೊಳ್ಳುವವನಂತೆ ಒಳಗೆ ಹೋಗಿ, ಸೋಪಿನ ಪೆಟ್ಟಿಗೆಗಳ ರಾಶಿಯ ಹಿಂದೆ ಬಚ್ಚಿಟ್ಟಿದ್ದ, ಡಬ್ಬಿ ವಾಪಸಿನ ಕಾನೂನು ಬರೆದ ಸರ್ಕಾರಿ ಬೋರ್ಡನ್ನು ಅಕ್ಷರ ಬಿಡದೆ ಓದಿಕೊಂಡು ಬಂದಿದ್ದ.

"ಒಬ್ಬರಿಗೆ ದಿನಕ್ಕೆ ಇನ್ನೂರ ನಲವತ್ತು ಡಬ್ಬಿ, ಅಂಗಡಿಯೋರು ತಗೊಳ್ಳಲೇಬೇಕು ಕಣಕ್ಕಾ. ಮಿಷನ್ ಕೆಟ್ಟಿದ್ರೆ ಕೈಯಲ್ಲಿ ಎಣಿಸಿ ತಗೋಬೇಕು."

"ಕೈಯಲ್ಲಿ?"

"ಕೈಯಲ್ಲೇ."

ತೊಮಾಸಾ ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡಳು. "ತೊಳೆದಿರ್ಬೇಕು ಅಂತ ಬರೆದವ್ರಾ?"

ಕ್ಲೀವನ್ ನೆನಪು ಮಾಡಿಕೊಂಡ. "ಖಾಲಿ ಇರ್ಬೇಕು ಅಂತಿದೆ. ತೊಳೆಯೋ ಸುದ್ದಿ ಇಲ್ಲಪ್ಪ."

"ಹಂಗಾದ್ರೆ ಎಲ್ಲರಿಗೂ ಹೇಳು. ಈ ಸಲ ಯಾರೂ ತೊಳೀಬೇಡಿ."

ಪಕ್ಕದಲ್ಲಿದ್ದ ಯಿಪ್ ಅಜ್ಜಿಗೆ ಚೀನೀ ಭಾಷೆ ಬಿಟ್ಟು ಬೇರೆ ಬಾರದು. ತೊಮಾಸಾ ಗಾಳಿಯಲ್ಲೇ ನಲ್ಲಿ ತಿರುಗಿಸಿ, ಬೆರಳಾಡಿಸಿ ಬೇಡ ಎಂದು ತೋರಿಸಿದಳು. ಆಮೇಲೆ ರೊಹೇಲಿಯೊನಂತೆ ಎದೆ ಉಬ್ಬಿಸಿ, ಅಂಟಿದ ಬೆರಳು ಕೊಡವಿದಳು. ಅಜ್ಜಿ ನಕ್ಕ ನಗುವಿಗೆ ಕಟ್ಟಿಸಿದ ಹಲ್ಲು ಜಾರಿ ಮಡಿಲಿಗೇ ಬಿತ್ತು.

ಭಾನುವಾರ, ಆಗಸ್ಟಿನ ಧಗೆ. ಚರ್ಚಿನ ಪೂಜೆ ಮುಗಿಸಿ ಊರೆಲ್ಲ ಸಾಮಾನಿಗೆ ಬರುವ ಹೊತ್ತಿಗೆ ಹನ್ನೊಂದು ಜನ, ಹನ್ನೊಂದು ಗಾಡಿ, ಬಿಲ್ಲು ಹಾಕುವ ಕೌಂಟರಿನ ಮುಂದೆ ಸಾಲಾಗಿ ನಿಂತರು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರು. ತೊಮಾಸಾ ಮೊಮ್ಮಗಳ ನಾಮಕರಣಕ್ಕೆ ಹೊಲಿಸಿದ ನೀಲಿ ಲಂಗ ಉಟ್ಟಿದ್ದಳು.

"ರೋಜರ್ ಸಾಹೇಬ್ರೇ, ಮಿಷನ್ ಕೆಟ್ಟಿದೆಯಂತೆ. ಎಣಿಸ್ಕೊಳ್ಳಿ."

"ತೊಲಗ್ತೀರೋ, ಪೊಲೀಸ್ ಕರೀಲೋ?"

ಪೊಲೀಸರು ಬಂದು ಕಾಗದ ಕೇಳಿದರೆ ಡಬ್ಬಿಯ ಮಾತೇ ಬೇಡ, ತೊಮಾಸಾಳನ್ನೇ ಗಡಿಯಾಚೆ ಎಸೆಯಬಹುದಿತ್ತು. ಗಾಡಿ ತಿರುಗಿಸಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಆ ಮಾರಾಯ ಕ್ಲೀವನ್ ತನ್ನ ಫೋನನ್ನೇ ಮುಂದೆ ಚಾಚಿದ.

"ನನ್ನ ಫೋನಲ್ಲೇ ಮಾಡಿ ಸಾರ್. ಬಂದೋರಿಗೆ ಸೋಪಿನ ಹಿಂದಿರೋ ಬೋರ್ಡು ನಾನೇ ಓದಿ ಹೇಳ್ತೀನಿ."

ರೊಹೇಲಿಯೊ ಫೋನು ಮುಟ್ಟಲಿಲ್ಲ. ಡಬ್ಬಿ ಮುಟ್ಟಿದ. ತಳದಲ್ಲಿ ಉಳಿದು ನಾಲ್ಕು ದಿನ ಬಿಸಿಲಲ್ಲಿ ಹಣ್ಣಾದ ಬಿಯರು ಅವನ ಬೆರಳಿಗೆ ಅಂಟಿತು, ತೋಳಿಗೆ ಇಳಿಯಿತು. ಎಲ್ಲಿಂದಲೋ ಕಣಜಗಳೂ ಬಂದವು. ಹಿಂದೆ ನಿಂತ ಗಿರಾಕಿಗಳು ಮೂಗು ಮುಚ್ಚಿಕೊಂಡರು, ಯಾರದೋ ಐಸ್‌ಕ್ರೀಮು ಕರಗಿ ನೆಲಕ್ಕೆ ತೊಟ್ಟಿಕ್ಕಿತು.

"ಅರವತ್ತೇಳು, ಅರವತ್ತೆಂಟು..."

"ಅರವತ್ತೇಳನ್ನ ಎರಡು ಸಲ ಅಂದ್ಯಲ್ಲಪ್ಪ," ಅಂದಳು ತೊಮಾಸಾ, ಎರಡು ಬೆರಳು ತೋರಿಸಿ.

ಯಿಪ್ ಅಜ್ಜಿಯೂ ಎರಡು ಬೆರಳು ಎತ್ತಿ ಸುಳ್ಳು ಸಾಕ್ಷಿ ಹೇಳಿದಳು. ಅವನು ಮತ್ತೆ ಒಂದರಿಂದ ಶುರುಮಾಡಿದ.

ಆಗ ಆ ನಾಯಿಯ ಹೆಂಗಸು ಸಾಲಿನಿಂದ ಕತ್ತು ಚಾಚಿ ಕೇಳಿದಳು, "ಯಾಕೆ ಎಣಿಸ್ತಿದ್ದೀರ? ಮಿಷನ್ ಚೆನ್ನಾಗೇ ಇದೆಯಲ್ಲ, ಮೊನ್ನೆ ನೀವೇ ನಂಗೆ ಬೋರ್ಡು ತೆಗೆದುಕೊಟ್ಟಿರಿ!"

ಸಾಲಿಗೆ ಸಾಲೇ ರೊಹೇಲಿಯೊನತ್ತ ತಿರುಗಿತು. ಅವನ ಮುಖ ಕೆಂಪಗಾಯಿತು. ಬಾಗಿಲ ಬಳಿ ಓಡಿ ಬೋರ್ಡನ್ನು ಕಿತ್ತು ನೆಲಕ್ಕೆ ಬಿಸಾಕಿದ.

"ಮಿಷನ್ನಿಗೇ ಹಾಕ್ಕೊಂಡು ಸಾಯಿರಿ! ಎಲ್ಲಾರೂ ಹಾಕ್ಕೊಳ್ಳಿ!"

ತೊಮಾಸಾ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಳು. ಬಗ್ಗಿ ಬೋರ್ಡು ಎತ್ತಿದಳು, ನೀಲಿ ಲಂಗದಲ್ಲಿ ಧೂಳು ಒರೆಸಿದಳು, ಮಿಷನ್ನಿನ ಕೊರಳಿಗೆ ಮತ್ತೆ ನೇತುಹಾಕಿದಳು.

"ಪಾಪ, ಮೂರು ವಾರದ ಕಾಯಿಲೆ. ಇವತ್ತೊಂದಿನ ಮಲಗಿರ್ಲಿ ಬಿಡು. ನಾಳೆ ಬೆಳಗ್ಗೆ ಬಂದು ನಾನೇ ಅದರ ಆರೋಗ್ಯ ವಿಚಾರಿಸ್ಕೋತೀನಿ." ಕೌಂಟರಿಗೆ ಹಿಂದಿರುಗಿ ಇನ್ನೊಂದು ಚೀಲ ಸುರಿದು ಅವನನ್ನು ಕರೆದಳು. "ಇವತ್ತು ನೀನೇ ಎಣಿಸು, ರೊಹೇಲಿಯೊ."