ತಾಯಿಮರದ ಜೀನ್

ರೈತ ಅಬೆಲಾರ್ದೋ ಹೊತ್ತು ತಂದ ಎಣ್ಣೆತಾಳೆಯ ಗೊನೆ ಸಸಿ ಕಂಪನಿಯ ಇಂಜಿನಿಯರನ ಮೇಜಿನ ಮೇಲೆ ಬಿದ್ದಿತ್ತು. ಒಂದೊಂದು ಕಾಯಿಯ ಸುತ್ತಲೂ ಐದಾರು ಕೊಂಬು. ಒಳಗೆ ಎಣ್ಣೆಯೂ ಇಲ್ಲ, ಬೀಜವೂ ಇಲ್ಲ. ನಾಲ್ಕು ವರ್ಷ ಸಾಕಿದ ತೋಟದಲ್ಲಿ ಅರ್ಧಕ್ಕರ್ಧ ಮರ ಹೀಗೇ.

ಇಂಜಿನಿಯರ್ ಕಮಾರ್ಗೋ ಜೀನ್ ಪರೀಕ್ಷೆಯ ವರದಿಯನ್ನು ಮುಂದೆ ತಳ್ಳಿದ. “ನೋಡಿ ದೋನ್ ಅಬೆಲಾರ್ದೋ, ನಮ್ಮ ಸಸಿಯ ಜೀನ್ ನಾವು ಎಲೆ ತೆಗೆದ ತಾಯಿಮರದ್ದೇ, ಒಂದಕ್ಷರ ವ್ಯತ್ಯಾಸ ಇಲ್ಲ. ನೀವು ಸರಿಯಾಗಿ ಬೋರಾನ್ ಗೊಬ್ಬರ ಹಾಕಿಲ್ಲ. ಆರೈಕೆ ತಪ್ಪಿತು ಅಂತ ಇಲ್ಲಿ ಸಹಿ ಹಾಕಿ.”

“ಸಹಿ ಹಾಕಿದ್ರೆ ಬದಲಿ ಸಸಿ ಸಿಗಲ್ಲ. ನನ್ನ ಮಗಳು ಕರಾರು ನೋಡಿ ಹೇಳಿದಾಳೆ. ಬೋರಾನಾ? ನನ್ನ ಹೆಂಡತಿ ಸಾರಿಗೆ ಉಪ್ಪು ಹಾಕೋದಕ್ಕಿಂತ ಹದವಾಗಿ ಹಾಕಿದಾಳೆ!”

ಬಾಗಿಲಲ್ಲಿ ನುಬಿಯಾ ನಿಂತಿದ್ದಳು. ಇಲ್ಲಿನ ಪ್ರಯೋಗಾಲಯದಲ್ಲಿ ತಾಳೆಯ ಎಲೆಚೂರನ್ನು ಬಾಟಲಿಯಲ್ಲಿಟ್ಟು ಸಸಿ ಮಾಡುವ ಕೆಲಸದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷ. ಕೇಳಲಾಗದೆ ಅವಳು ಒಳಗೆ ಬಂದಳು.

“ವರದಿ ನಿಜ, ಇಂಜಿನಿಯರೇ. ನೀವು ಹೇಳ್ತಿರೋದು ಸುಳ್ಳು.”

“ದೋನ್ಯಾ ನುಬಿಯಾ, ಹೋಗಿ ಬಾಟಲಿ ನೋಡ್ಕೊಳ್ಳಿ. ಜೀನ್ ವಿಷಯ ನಿಮಗೇನು ಗೊತ್ತು?”

“ಓದಿಲ್ಲ, ಕಣ್ಣಾರೆ ಕಂಡಿದೀನಿ. ಎಲೆಗೂ ಹೂವಿಗೂ ಜೀನ್ ಒಂದೇ. ಯಾವುದು ಎಲ್ಲಿ ಕೆಲಸ ಮಾಡ್ಬೇಕು, ಎಲ್ಲಿ ಸುಮ್ನಿರ್ಬೇಕು ಅನ್ನೋಕೆ ಬೀಗ ಇರುತ್ತೆ. ಬಾಟಲಿಯಲ್ಲಿ ಎಲೆಚೂರಿಂದ ಬೇಗ ಉಬ್ಬೋ ಮುದ್ದೆ ಎಸೀರಿ ಅಂತ ಹಿಂದಿನ ಇಂಜಿನಿಯರಮ್ಮ ಕಲಿಸಿದ್ರು. ನೀವು ಬಂದು, ಅದನ್ನೇ ಕತ್ತರಿಸಿ ಸಸಿ ಹೆಚ್ಚಿಸಿ ಅಂದ್ರಿ. ಹತ್ತೊಂಬತ್ತು ಸಲ ಕತ್ತರಿಸಿದೆ! ಬೀಗ ಸಡಿಲಾಯ್ತು. ಹೂವಲ್ಲಿ ಒಣಗಿ ಹೋಗ್ಬೇಕಾದ ಕೇಸರವೇ ಕಾಯಿ ಸುತ್ತ ಈ ಕೊಂಬಾಗಿ ಊದ್ಕೊಳ್ತು. ನಿಮ್ಮ ಪರೀಕ್ಷೆ ಜೀನ್ ಓದುತ್ತೆ, ಬೀಗ ನೋಡಲ್ಲ. ಅದು ನಿಮಗೂ ಗೊತ್ತು!”

ಕಮಾರ್ಗೋ ಎದ್ದು ನಿಂತ. “ನಾಳೆಯಿಂದ ಬರಬೇಡಿ.”

“ನಾಳೆ ಯಾಕೆ? ಈಗ್ಲೇ ಹೋಗ್ತೀನಿ. ಬರೆದುಕೊಟ್ಟೇ ಹೋಗ್ತೀನಿ.”

ಸಹಿಗೆಂದು ಇಟ್ಟಿದ್ದ ಕಾಗದವನ್ನು ಮಗುಚಿ, ಯಾವ ಬಾಟಲಿಯ ಸಸಿ, ಎಷ್ಟು ಸಲ ಕತ್ತರಿಸಿದ್ದು, ಯಾರ ಅಪ್ಪಣೆ ಎಂದೆಲ್ಲ ಬರೆದು, ಕೆಳಗೆ ತನ್ನ ಹೆಸರು ಹಾಕಿ ಅಬೆಲಾರ್ದೋನ ಕೈಗಿತ್ತಳು.

ಅವನು ಎರಡು ಸಲ ಓದಿದ. ಅವನ ಸಿಟ್ಟು ಇಳಿಯಲಿಲ್ಲ, ಅವಳ ಕಡೆ ತಿರುಗಿತು.

“ಸಸಿ ನನ್ನ ಗಾಡಿಗೆ ಏರಿಸಿದ್ದು ನೀವೇ ಅಲ್ವಾ? ಮಕ್ಕಳ ಹಾಗೆ ನೋಡ್ಕೊಳ್ಳಿ ಅಂದ್ರಿ. ಆವತ್ತು ಈ ಬಾಯಿ ಎಲ್ಲಿತ್ತು?”

“ಕೆಲಸ ಹೋಗುತ್ತೆ ಅಂತ ಹೆದರಿದ್ದೆ.”

“ಈಗ ಹೋಯ್ತಲ್ಲ!”

ನುಬಿಯಾ ಬಾಗಿಲವರೆಗೆ ಬಂದಳು. ಅವನು ಕಾಗದವನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡು ಮೆಟ್ಟಿಲಿಳಿದ. ಅರ್ಧದಲ್ಲಿ ನಿಂತು ಗದರಿದ: “ನಮ್ಮ ಸಾಲಲ್ಲಿ ಇದೇ ಸಸಿ ಹಾಕಿದ ಇನ್ನೂ ಒಂಬತ್ತು ತೋಟ ಇವೆ, ಎಲ್ರಿಗೂ ಹೀಗೇ ಬರೆದುಕೊಡ್ಬೇಕು. ಏನು ನೋಡ್ತಾ ನಿಂತ್ರಿ? ಗಾಡಿ ಹತ್ತಿ.”

ಅವಳು ಹತ್ತಿದಳು.